ಎಲೆಯ ಮೇಲಿನ ಮೂಲಂಗಿ

ಅದು ಶನಿವಾರ. ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಅಕ್ಕ ಮತ್ತು ನಾನು ಸಾರಕ್ಕಿ ಮಾರ್ಕೆಟ್ಟಿಗೆ ಹೊರಟೆವು. ನಮ್ಮ ಮನೆ ಇರುವುದು ಕತ್ರಿಗುಪ್ಪೆಯಲ್ಲಿ. ಮನೆಯ ಹತ್ತಿರವೇ ತರಕಾರಿ ಅಂಗಡಿಗಳು ಬೇಕಾದಷ್ಟಿವೆ. ಆದರೆ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅಕ್ಕನಿಗೆ ದೂರ ಎನ್ನುವುದೇ ಇಲ್ಲವಾಗಿತ್ತು. ಎಲ್ಲಿ ಅಗ್ಗವೋ ಅದು ಹತ್ತಿರ. ಅದರಲ್ಲೂ ಮಧ್ಯಾಹ್ನದ ಮೇಲೆ ಹೋದರೆ, ಉಳಿದದ್ದನ್ನು ವಾಪಸು ಹೊತ್ತುಕೊಂಡು ಹೋಗಲು ಬೇಜಾರಾಗಿ ಮಾರುವವರು ಗುಡ್ಡೆ ಹಾಕಿ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಾರೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಒಂದೇ ಮನೆ, ಕೆಳಗೆ ಅವರು, ಮೇಲೆ ನಾವು. ಅಡುಗೆಮನೆ ಮಾತ್ರ ಒಂದೇ, ಅದು ಕೆಳಗೆ. ಅವಳಿಗೆ ಒಬ್ಬಳು ಮಗಳು, ಡಿಗ್ರಿ ಓದುತ್ತಿದ್ದಾಳೆ. ನಮಗೆ ಮಕ್ಕಳಾಗಲಿಲ್ಲ, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ತಿಂಗಳ ಮೊದಲ ವಾರ ಅಣ್ಣ ತಮ್ಮ ಇಬ್ಬರೂ ಮನೆಖರ್ಚಿಗೆಂದು ಇಷ್ಟಿಷ್ಟು ತಂದು ಅಕ್ಕನ ಕೈಗೆ ಕೊಡುತ್ತಿದ್ದರು. ಕೊಟ್ಟ ಮೇಲೆ ಆ ದುಡ್ಡಿಗೂ ತಟ್ಟೆಯಲ್ಲಿರುವ ಊಟಕ್ಕೂ ಏನೂ ಸಂಬಂಧವಿಲ್ಲ ಎನ್ನುವ ಹಾಗೆ ಬಂದು ಕೂರುತ್ತಿದ್ದರು. ದುಡ್ಡು ಎಷ್ಟೋ ವರ್ಷಗಳಿಂದ ಅಷ್ಟೇ ಇತ್ತು. ಎಣ್ಣೆ, ಬೇಳೆ, ಗ್ಯಾಸು ಯಾವುದೂ ಅಷ್ಟೇ ಇರಲಿಲ್ಲ. ನಡುವಿನ ವ್ಯತ್ಯಾಸವನ್ನು ಅಕ್ಕ ಎಲ್ಲಿಂದ ತರುತ್ತಾಳೆ ಎಂದು ಇಬ್ಬರಲ್ಲಿ ಯಾರೂ ಕೇಳಿದವರಲ್ಲ. ಗಂಡಸರಿಗೆ ಅದು ಹೆಂಗಸರ ಕೈಗುಣ. ಹಾಗೆ ಹೆಸರಿಟ್ಟುಬಿಟ್ಟರೆ ದುಡ್ಡು ಹೆಚ್ಚು ಕೊಡಬೇಕಾಗಿಲ್ಲ.

ಆ ಶನಿವಾರ ಅಕ್ಕ ಒಂದು ಗುಡ್ಡೆ ಟೊಮೆಟೊ, ಒಂದು ಕಟ್ಟು ದಂಟಿನ ಸೊಪ್ಪು, ಎಂದಿನಂತೆ ಮೂಲಂಗಿ ಕೊಂಡಳು. ಮೂಲಂಗಿಯನ್ನು ಸೊಪ್ಪಿನ ಸಮೇತ ಕೇಳಿ ತೆಗೆದುಕೊಂಡಳು, ಸೊಪ್ಪಿನದು ಪಲ್ಯ, ಗೆಡ್ಡೆಯದು ಸಾಂಬಾರು. ಆಮೇಲೆ ಜಂಕ್ಷನ್ನಿನ ಕಡೆ ನಡೆಯುವಾಗ ಒಂದು ಹಣ್ಣಿನ ಗಾಡಿಯ ಹತ್ತಿರ ನಿಂತಳು. ಬೆಣ್ಣೆಹಣ್ಣು ಇತ್ತು. ಒಂದನ್ನು ಎತ್ತಿಕೊಂಡು ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ನೋಡಿದಳು.

"ಎಷ್ಟಪ್ಪಾ?"

ಗಾಡಿಯವನು ಕೆಜಿಯ ಬೆಲೆ ಹೇಳಿದ.

"ಕೆಜಿ ಯಾರು ಕೇಳಿದ್ರು. ಇದೊಂದು ಎಷ್ಟಾಗುತ್ತೆ?"

ಅವನು ತಕ್ಕಡಿಯಲ್ಲಿಟ್ಟು ಹೇಳಿದ. ಅಕ್ಕ ಹಣ್ಣನ್ನು ತಕ್ಕಡಿಯಿಂದ ತೆಗೆದು, ಮೊದಲಿದ್ದ ಜಾಗದಲ್ಲೇ, ತೊಟ್ಟು ಮೇಲಕ್ಕೆ ಬರುವ ಹಾಗೆ ಇಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಡಿಯೇ, ಬಸ್ ಹೋಗ್ಬಿಡುತ್ತೆ" ಎಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಳದಿಯಾದ ಸೊಪ್ಪಿನ ಎಲೆಗಳನ್ನು ಕೀಳುತ್ತಾ ಬಂದಳು. ಈ ಸಲ ಸಿಲಿಂಡರ್ ತಿಂಗಳ ಕೊನೆಯವರೆಗೆ ಬಂದರೆ ಸಾಕು ಎನ್ನುವುದು ಬಿಟ್ಟರೆ ಬೇರೆ ಮಾತಾಡಿದ ನೆನಪಿಲ್ಲ. ನಾನೂ ಕೇಳಲಿಲ್ಲ. ಇನ್ನೂ ಎಷ್ಟೋ ಶನಿವಾರಗಳಿದ್ದವಲ್ಲ.

ಮಾರನೆಯ ಬೆಳಿಗ್ಗೆ ಕಾವೇರಿ ನೀರು ಬರುವ ದಿನ. ಮೋಟಾರು ಹಾಕಲು ಹೋದವಳು ಸಂಪಿನ ಪಕ್ಕದಲ್ಲೇ ಬಿದ್ದಳು. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ. ಮಂಗಳವಾರ ಹೋದಳು.

ಅವಳಿಗೆ ಬಿಪಿ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಆದರೆ ಸಾಲಿನಲ್ಲಿ ನಿಂತರೆ ಬೆಳಗೆಲ್ಲ ಹೋಗುತ್ತದೆ, ಬೆಳಗು ಹೋದರೆ ಮನೆಯವರ ತಿಂಡಿ ಹೋಗುತ್ತದೆ. ಅಂಗಡಿಯಲ್ಲಿ ಕೊಂಡರೆ ದುಡ್ಡು ಹೋಗುತ್ತದೆ. ಹಾಗಾಗಿ ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದಳು. ಇದು ಗುಟ್ಟೇನಲ್ಲ. ಮಾತ್ರೆಯ ಪಟ್ಟಿ ಫ್ರಿಜ್ಜಿನ ಮೇಲೆ, ಬಾಗಿಲಿನ ಬೀಗದ ಕೈಗಳ ಪಕ್ಕದಲ್ಲೇ ಇರುತ್ತಿತ್ತು. ಭಾವ ದಿನವೂ ಅಲ್ಲಿಂದ ಸ್ಕೂಟರ್ ಕೀ ತೆಗೆದುಕೊಂಡು ಹೋಗುತ್ತಿದ್ದರು.

ಗಂಡ ಸತ್ತರೆ, ತಾಯಿ ಸತ್ತರೆ, ಬಂದವರು ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಾರೆ. ಓರಗಿತ್ತಿ ಸತ್ತರೆ ಬಂದವರಿಗೆ ಕಾಫಿ ಮಾಡಿಕೊಡಬೇಕು. ಮೂರು ದಿನ ನಾನು ಕಾಫಿ ಮಾಡಿದೆ. ಸಕ್ಕರೆ ಇಲ್ಲದ್ದು ಯಾರಿಗೆ, ಹಾಲು ಕಡಿಮೆ ಯಾರಿಗೆ ಎಂದು ಕೇಳಿ ಕೇಳಿ ಮಾಡಿದೆ. ಇಪ್ಪತ್ತು ವರ್ಷ ಪಕ್ಕಪಕ್ಕ ನಿಂತು ಅಡುಗೆ ಮಾಡಿದವಳು ಹೋಗಿದ್ದಾಳೆ, ನಿನಗೆ ಹೇಗಿದೆ ಎಂದು ಕೇಳಿದವರು ಒಬ್ಬರೂ ಇಲ್ಲ. ಒಬ್ಬಾಕೆ ಮಾತ್ರ, ಇನ್ನು ಮೇಲೆ ಅಡುಗೆಮನೆ ಪೂರ್ತಿ ನಿನ್ನದೇ ಆಯಿತಲ್ಲ ಎಂದಳು. ಸಮಾಧಾನಕ್ಕೆ ಹೇಳಿದ್ದಂತೆ.

ಭಾವನ ದುಃಖ ದೊಡ್ಡದಾಗಿತ್ತು. ಎಷ್ಟು ದೊಡ್ಡದೆಂದರೆ ರಸ್ತೆಯ ತಿರುವಿನಲ್ಲಿ ಎರಡು ಕಂಬಗಳ ನಡುವೆ ಹಿಡಿಸುವಷ್ಟು. ಫ್ಲೆಕ್ಸ್ ಹಾಕಿಸಿದರು. ಭಾವ ಸೈಟು ಬ್ರೋಕರ್. ಬಿಳಿ ಷರಟು, ಎದೆಜೇಬಿನಲ್ಲಿ ಪೆನ್ನು. ಆ ಪೆನ್ನಿನಲ್ಲಿ ಅವರು ಏನನ್ನಾದರೂ ಬರೆದದ್ದನ್ನು ನಾನು ನೋಡಿಲ್ಲ. ಫ್ಲೆಕ್ಸಿನಲ್ಲೂ ಅದೇ ಷರಟು, ಅದೇ ಪೆನ್ನು, ಕೈಮುಗಿದುಕೊಂಡು ಕೆಳಗಿನ ಮೂಲೆಯಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಮನೆಯವರ ಮುಖಗಳು, ಆಮೇಲೆ ಅವರ ಗೆಳೆಯರ ಮುಖಗಳು ಸಾಲಾಗಿ, ಅಕ್ಕನನ್ನು ಒಂದು ಸಲವೂ ಮಾತಾಡಿಸದವರು, ಶೋಕತಪ್ತರು ಎಂಬ ಹೆಸರಿನಲ್ಲಿ. ಭಾವನ ಹೆಸರಿನ ಕೆಳಗೆ ಮೊಬೈಲ್ ನಂಬರು. ಸತ್ತವಳ ವಿಷಯಕ್ಕೆ ಯಾರು ಫೋನ್ ಮಾಡುತ್ತಾರೆ? ಸೈಟಿನ ವಿಷಯಕ್ಕೆ ಮಾಡುತ್ತಾರೆ.

ಮಧ್ಯದಲ್ಲಿ ಅಕ್ಕನ ಫೋಟೋ. ಅವಳೊಬ್ಬಳದೇ ಫೋಟೋ ಮನೆಯಲ್ಲಿ ಇರಲಿಲ್ಲ, ಯಾರೂ ತೆಗೆದಿರಲಿಲ್ಲ. ಯಾವುದೋ ಮದುವೆಯಲ್ಲಿ ನಾವಿಬ್ಬರೂ ನಿಂತಿದ್ದ ಫೋಟೋದಿಂದ ಅವಳನ್ನು ಕತ್ತರಿಸಿ ತೆಗೆದಿದ್ದರು. ಹಿಂದೆ ಮೋಡ, ತಲೆಯ ಸುತ್ತ ಬೆಳಕು. ಆದರೆ ಕತ್ತರಿಸಿದವನು ಅವಸರದಲ್ಲಿದ್ದ. ಅವಳ ಎಡ ಭುಜದ ಮೇಲೆ ಮೂರು ಬೆರಳು ಉಳಿದುಕೊಂಡಿದ್ದವು. ಹಾಲು ತರಲು ಹೋಗುವಾಗ ದಿನವೂ ನೋಡುತ್ತಿದ್ದೆ. ನನ್ನ ಬೆರಳುಗಳು. ನಮ್ಮ ಮನೆಯವರಲ್ಲಿ ಅದನ್ನು ಗಮನಿಸಿದವರು ಯಾರೂ ಇಲ್ಲ. ಅವರೆಲ್ಲ ತಮ್ಮ ತಮ್ಮ ಮುಖ ಹುಡುಕುತ್ತಿದ್ದರು.

ಆ ಫ್ಲೆಕ್ಸಿನ ದುಡ್ಡಿಗೆ ಎಷ್ಟು ತಿಂಗಳ ಮಾತ್ರೆ ಬರುತ್ತಿತ್ತು ಎಂದು ನಾನು ಲೆಕ್ಕ ಹಾಕಲಿಲ್ಲ. ಲೆಕ್ಕ ಅಕ್ಕನ ಕೆಲಸ.

ಹನ್ನೊಂದನೆಯ ದಿನ ತಿಥಿ. ನಮ್ಮಲ್ಲಿ ಆ ದಿನ ಸತ್ತವರ ಫೋಟೋ ಮುಂದೆ ಬಾಳೆ ಎಲೆ ಹಾಕಿ ಎಡೆ ಇಡುತ್ತೇವೆ. ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಎಲೆಯ ಮೇಲೆ ಇರಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಎಲೆಅಡಿಕೆಯವರಿಗೆ ಎಲೆಅಡಿಕೆ, ನಮ್ಮ ಮಾವನವರಿಗೆ ಇಂದಿಗೂ ಒಂದು ಕ್ವಾರ್ಟರ್. ಕರ್ಪೂರ ಹಚ್ಚಿ, ಎಲ್ಲರೂ ಹೊರಗೆ ಬಂದು, ಬಾಗಿಲು ಹಾಕುತ್ತೇವೆ. ಒಳಗೆ ಅವರು ಬಂದು ತಿಂದು ಹೋಗುತ್ತಾರೆ ಎಂದು ನಂಬಿಕೆ. ಇಷ್ಟವಾದದ್ದು ಇಲ್ಲದಿದ್ದರೆ ಎಲೆ ಮುಟ್ಟದೆ ಹಾಗೇ ವಾಪಸು ಹೋಗುತ್ತಾರೆ ಎಂದೂ ನಂಬಿಕೆ. ನಾನು ಹೆಚ್ಚು ಓದಿದವಳಲ್ಲ, ಇದನ್ನು ನಂಬುತ್ತೇನೆ.

ಊರಿನಿಂದ ಬಂದಿದ್ದ ಒಬ್ಬರು ಅಜ್ಜಿ ಎಲೆಯ ಮುಂದೆ ಕೂತು ಕೇಳಿದರು. "ಅನ್ನ ಆಯ್ತು, ಪಾಯಸ ಆಯ್ತು. ಅವ್ಳಿಗೆ ಇಷ್ಟವಾದ್ದು ಏನು ತಂದಿದ್ದೀರಿ?"

ಎಲ್ಲರೂ ಭಾವನ ಮುಖ ನೋಡಿದರು. ಭಾವ ಸ್ವಲ್ಪ ಯೋಚಿಸಿದರು.

"ಎಲ್ಲಾ ತಿಂತಿದ್ಲು" ಎಂದರು.

ಆಗ ನಮ್ಮ ನಾದಿನಿ, ನನ್ನ ಗಂಡನ ತಂಗಿ, ಜೆ.ಪಿ. ನಗರದಲ್ಲಿರುವವಳು, ಕಣ್ಣೊರೆಸಿಕೊಂಡು ಹೇಳಿದಳು. "ಮೂಲಂಗಿ. ದೊಡ್ಡತ್ತಿಗೆಗೆ ಮೂಲಂಗಿ ಅಂದ್ರೆ ಪ್ರಾಣ. ನಾನು ಯಾವಾಗ ಬಂದ್ರೂ ಇವ್ರ ಮನೇಲಿ ಮೂಲಂಗಿ ಸಾಂಬಾರೇ."

ಹೌದು ಹೌದು ಎಂದರು ಎಲ್ಲರೂ. ನೆನಪಾಗಿದ್ದಕ್ಕೆ ಸಮಾಧಾನವಾದಂತೆ ಕಂಡಿತು. ನನ್ನ ಗಂಡನೂ ತಲೆಯಾಡಿಸಿದರು. ಯಾರೋ ಓಡಿಹೋಗಿ ಮೂಲಂಗಿ ತಂದರು, ಅವಸರದಲ್ಲಿ ಬೇಯಿಸಿದ್ದಾಯಿತು. ಎಲೆಯ ಮೇಲೆ ಮೂಲಂಗಿ ಸಾಂಬಾರು ಬಿತ್ತು. ಬಂದವರಿಗೆ ಬಕೆಟ್ ಬಿರಿಯಾನಿ ತರಿಸಿದ್ದರು. ಅದು ಭಾವನಿಗೆ ಇಷ್ಟ. ನಾನು ಬಾಯಿ ತೆರೆಯಲಿಲ್ಲ. ತೆರೆದರೆ ಏನು ಬರುತ್ತದೆ ಎಂದು ಗೊತ್ತಿರಲಿಲ್ಲ.

ನಾದಿನಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳ ಮೊಬೈಲಿನಲ್ಲಿ ಖರ್ಚು ಬರೆದಿಡುವ ಒಂದು ಆ್ಯಪ್ ಇದೆ. ಖರ್ಚೆಲ್ಲ ಬಣ್ಣಬಣ್ಣದ ತುಂಡುಗಳಾಗಿ, ಹುಟ್ಟುಹಬ್ಬದ ಕೇಕು ಕತ್ತರಿಸಿದ ಹಾಗೆ ಕಾಣುತ್ತದೆ. ದಿನಸಿಗೆ ಹಸಿರು, ಕರೆಂಟಿಗೆ ನೀಲಿ, ಮನರಂಜನೆಗೆ ಗುಲಾಬಿ. ಯಾವುದೋ ವಿಡಿಯೋದಲ್ಲಿ ಒಬ್ಬಳು ದೊಡ್ಡ ಕಾಫಿ ಕಪ್ಪು ಹಿಡಿದುಕೊಂಡು, ಬಂದ ದುಡ್ಡಿನಲ್ಲಿ ಮೊದಲು ನಿಮಗೆ ನೀವು ಕೊಟ್ಟುಕೊಳ್ಳಿ ಎಂದು ಹೇಳುತ್ತಾಳೆ. ಅದನ್ನು ನಮ್ಮ ಮನೆಯ ಗ್ರೂಪಿಗೆ ಕಳಿಸುತ್ತಿದ್ದಳು. ಒಂದು ಭಾನುವಾರ ಬಂದು, ಅಕ್ಕನ ಪಕ್ಕ ಕೂತು, ಪಾಠವೇ ಮಾಡಿದಳು. ಬೇಕಾದ್ದು ಯಾವುದು, ಆಸೆಯದ್ದು ಯಾವುದು ಎಂದು ಬೇರೆ ಮಾಡಬೇಕಂತೆ. ಅಕ್ಕ ಬೆಳ್ಳುಳ್ಳಿ ಸುಲಿಯುತ್ತಾ ಆ ಬಣ್ಣಗಳನ್ನೇ ನೋಡುತ್ತಿದ್ದಳು.

"ಇದ್ರಲ್ಲಿ ನಿಮ್ಮಣ್ಣನ ಇಸ್ತ್ರಿ ಯಾವ ಬಣ್ಣನಮ್ಮ?"

ನಾದಿನಿ ನಕ್ಕುಬಿಟ್ಟಳು. ಅತ್ತಿಗೆ ಬಹಳ ತಮಾಷೆ ಎಂದು ಆಮೇಲೆ ಗ್ರೂಪಿನಲ್ಲಿ ಬರೆದಳು. ತಮಾಷೆಯಲ್ಲ ಅದು. ಭಾವನ ಬಿಳಿ ಷರಟುಗಳು ಗಂಜಿ ಹಾಕಿ ಇಸ್ತ್ರಿ ಅಂಗಡಿಗೇ ಹೋಗಬೇಕು. ಮನೆಯಲ್ಲಿ ಮಾಡಿದರೆ ಗೆರೆ ನಿಲ್ಲುವುದಿಲ್ಲ, ಗೆರೆ ನಿಲ್ಲದಿದ್ದರೆ ಸೈಟು ಕೊಳ್ಳಲು ಬರುವ ಪಾರ್ಟಿಗಳು ನಂಬುವುದಿಲ್ಲ. ಆ ದುಡ್ಡು ಅಡುಗೆಯ ದುಡ್ಡಿನಿಂದಲೇ ಹೋಗಬೇಕು, ಯಾಕೆಂದರೆ ಇಸ್ತ್ರಿಯವನು ದುಡ್ಡು ಕೇಳಲು ಬರುವುದು ಅಡುಗೆಮನೆಯ ಬಾಗಿಲಿಗೆ. ಬೀನ್ಸ್ ತಂದು ಬಹಳ ದಿನವಾಯಿತು ಎಂದು ನಾನು ಒಮ್ಮೆ ಅಂದಾಗ ಅಕ್ಕ ಗೇಟಿನ ಕಡೆ ಕೈ ತೋರಿಸಿದ್ದಳು. "ಈಗ ತಾನೇ ಹೋಯ್ತು ನೋಡು ಬೀನ್ಸು. ನಿಮ್ಮ ಭಾವ ಮೈಮೇಲೆ ಹಾಕ್ಕೊಂಡು ಹೋದ್ರು."

ನಮ್ಮ ಕಡೆಯದೂ ಹೆಚ್ಚು ಹೇಳಿಕೊಳ್ಳುವಂಥದ್ದಲ್ಲ. ನನ್ನ ಗಂಡ ಒಂದು ಆಫೀಸಿನಲ್ಲಿ ಡ್ರೈವರ್. ಕಂತಿನ ಮನುಷ್ಯ. ಟೀವಿಯ ಕಂತು ಮುಗಿಯುವ ಹೊತ್ತಿಗೆ ಮೊಬೈಲಿನ ಕಂತು, ಅದು ಮುಗಿಯುವ ಹೊತ್ತಿಗೆ ಇನ್ನೂ ದೊಡ್ಡ ಟೀವಿ. ಅದರಲ್ಲಿ ಕಾಣುವುದು ಅದೇ ಸುದ್ದಿ, ಅದೇ ಕೂಗಾಟ. ಮನೆಖರ್ಚಿಗೆ ಇನ್ನಷ್ಟು ಕೊಡಿ ಎಂದರೆ ಈ ತಿಂಗಳು ಟೈಟು ಎನ್ನುತ್ತಿದ್ದರು. ಟೈಟು ಎಂಬ ಮಾತು ಆ ಮನೆಯಲ್ಲಿ ಗಂಡಸರಿಗೆ ಮಾತ್ರ ಅನ್ವಯಿಸುತ್ತಿತ್ತು. ನಾನು ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ತಂದದ್ದು ಮನೆಗೆ ಹೋಗುತ್ತಿತ್ತು. ಅದನ್ನು ಅವರು ನನ್ನ ಟೈಂಪಾಸು ಎನ್ನುತ್ತಿದ್ದರು.

ಅಕ್ಕ ಹೋದ ಮೇಲೆ ಭಾವ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೋಡಮ್ಮ, ಇನ್ಮೇಲೆ ನೀನೇ" ಎಂದು ದುಡ್ಡು ಕೊಟ್ಟರು. ಅಷ್ಟೇ ದುಡ್ಡು. ತಿನ್ನುವವಳು ಒಬ್ಬಳು ಕಡಿಮೆಯಾದಳಲ್ಲ ಎಂದು ಕಡಿಮೆ ಕೊಡಲಿಲ್ಲ, ಅದು ಅವರ ದೊಡ್ಡತನ. ಆ ತಿಂಗಳು ಅರ್ಧಕ್ಕೇ ದುಡ್ಡು ಮುಗಿಯಿತು. ಮುಂದಿನ ತಿಂಗಳೂ ಹಾಗೇ. ಅವಳಿದ್ದಾಗ ಇಷ್ಟರಲ್ಲೇ ವಾರಕ್ಕೊಂದು ಸಲ ಕೋಳಿ ಆಗುತ್ತಿತ್ತು ಎಂದು ಭಾವ ಊಟಕ್ಕೆ ಕೂತಾಗ ಹೇಳಿದರು. ಬೈಯಲಿಲ್ಲ, ಅವಳನ್ನು ಹೊಗಳಿದರು. ಬದುಕಿದ್ದಾಗ ಜಿಪುಣಿ, ಸತ್ತ ಮೇಲೆ ಲಕ್ಷ್ಮಿ. ಎರಡೂ ಹೆಸರು ಇಟ್ಟ ಬಾಯಿ ಒಂದೇ. ಎರಡು ಸಲವೂ ಆ ಬಾಯಿಯಲ್ಲಿ ಅವಳು ಮಾಡಿದ್ದೋ ನಾನು ಮಾಡಿದ್ದೋ ತುತ್ತು ಇತ್ತು.

ಕಲಿತೆ. ರೇಷನ್ ಅಕ್ಕಿಯನ್ನು ದೋಸೆಗೆ ನೆನೆಹಾಕುವುದು, ಕುಕ್ಕರಿನ ಕೂಗು ಎಣಿಸಿ ಗ್ಯಾಸು ಆರಿಸುವುದು, ಒಗ್ಗರಣೆಯ ಎಣ್ಣೆಯನ್ನು ಸೌಟಿನಿಂದಲ್ಲ, ಚಮಚದಿಂದ ಅಳೆಯುವುದು. ಮಧ್ಯಾಹ್ನದ ಮೇಲೆ ಸಾರಕ್ಕಿಗೆ ಹೋಗುವುದು. ಎಲ್ಲ ಅವಳು ಮಾಡುತ್ತಿದ್ದದ್ದೇ, ಪಕ್ಕದಲ್ಲಿ ನಿಂತು ನೋಡಿದ್ದೇ. ನೋಡಿದ್ದಕ್ಕೂ ಮಾಡುವುದಕ್ಕೂ ಇರುವ ವ್ಯತ್ಯಾಸ ಆಗ ತಿಳಿಯಿತು. ಒಂದು ದಿನ ಮಾರ್ಕೆಟ್ಟಿನಲ್ಲಿ ನಿಂತು, ಇವತ್ತು ನನಗೆ ಏನು ತಿನ್ನಬೇಕು ಅನ್ನಿಸುತ್ತಿದೆ ಎಂದು ಸುಮ್ಮನೆ ಯೋಚಿಸಿದೆ. ತರಕಾರಿಗಳ ರುಚಿ ನೆನಪಾಗಲಿಲ್ಲ. ಬೆಲೆಗಳು ನೆನಪಾದವು. ಯಾವುದು ಹೆಚ್ಚು, ಯಾವುದು ಕಡಿಮೆ, ಯಾವುದು ಇನ್ನೊಂದು ವಾರಕ್ಕೆ ಇಳಿಯುತ್ತದೆ. ನಾಲಿಗೆ ಇರುವ ಜಾಗದಲ್ಲಿ ತಕ್ಕಡಿ ಕೂತಿತ್ತು. ಅಕ್ಕನಿಗೆ ಇಪ್ಪತ್ತು ವರ್ಷದಲ್ಲಿ ಆದದ್ದು ನನಗೆ ಕೆಲವು ತಿಂಗಳಲ್ಲೇ ಆಗಿತ್ತು.

ಮೂಲಂಗಿಯನ್ನು ಅಕ್ಕ ತರುತ್ತಿದ್ದದ್ದು ಅಗ್ಗ ಎಂದು. ಇದು ನನಗೆ ಗೊತ್ತು. ಆದರೆ ಇಷ್ಟವಾದದ್ದು ಯಾವುದು? ಆ ತಿಥಿಯ ಎಲೆ ನನ್ನ ತಲೆಯಿಂದ ಹೋಗಲಿಲ್ಲ. ಬಾಗಿಲು ಹಾಕಿದ ಕೋಣೆಯೊಳಗೆ ಅವಳು ಬಂದು, ಎಲೆ ನೋಡಿ, ಇಲ್ಲೂ ಇದೇನಾ ಎಂದು ಹಾಗೇ ತಿರುಗಿ ಹೋದಂತೆ ಅನ್ನಿಸುತ್ತಿತ್ತು. ವರ್ಷ ತುಂಬಿದ ಮೇಲೆ ಮಹಾಲಯ ಅಮಾವಾಸ್ಯೆ ಬರುತ್ತದೆ, ಆ ದಿನ ಮತ್ತೆ ಎಡೆ ಇಡಬೇಕು. ಅಷ್ಟರಲ್ಲಿ ತಿಳಿದುಕೊಳ್ಳಬೇಕು ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಅವಳು ತಿನ್ನುವುದನ್ನು ನೆನಪು ಮಾಡಿಕೊಂಡೆ. ಎಲ್ಲರದೂ ಆದ ಮೇಲೆ, ಒಲೆಯ ಪಕ್ಕ ನಿಂತುಕೊಂಡು, ಪಾತ್ರೆಯಲ್ಲಿ ಉಳಿದದ್ದಕ್ಕೇ ಅನ್ನ ಹಾಕಿ ಕಲಸಿ ತಿನ್ನುತ್ತಿದ್ದಳು. ತಟ್ಟೆ ಯಾಕೆ ಎನ್ನುತ್ತಿದ್ದಳು, ತೊಳೆಯುವ ಸೋಪು ದಂಡ. ಚೆನ್ನಾಗಿದೆ ಎಂದಾಗಲಿ ಚೆನ್ನಾಗಿಲ್ಲ ಎಂದಾಗಲಿ ಹೇಳಿದ್ದು ನೆನಪಿಲ್ಲ. ಉಳಿದರೆ ಹೆಚ್ಚಾಯಿತು ಎನ್ನುತ್ತಿದ್ದಳು, ಮುಗಿದರೆ ಸರಿಹೋಯಿತು ಎನ್ನುತ್ತಿದ್ದಳು. ಯಾರದಾದರೂ ಮದುವೆಯಲ್ಲಿ ಊಟಕ್ಕೆ ಕೂತಾಗ ಏನನ್ನು ಎರಡನೆಯ ಸಲ ಹಾಕಿಸಿಕೊಂಡಳು ಎಂದು ಯೋಚಿಸಿದೆ. ಅಲ್ಲೂ ಅವಳು ಊಟದ ಕಾಂಟ್ರಾಕ್ಟರು ಎಲೆಗೆ ಎಷ್ಟು ತೆಗೆದುಕೊಂಡಿರಬಹುದು ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಅವಳ ಅಣ್ಣ ಕನಕಪುರದ ಕಡೆಯವರು, ಒಂದು ಸಲ ಬಂದಿದ್ದಾಗ ಕೇಳಿದೆ. ಚಿಕ್ಕಂದಿನಲ್ಲಿ ಅಕ್ಕನಿಗೆ ಏನು ಇಷ್ಟವಿತ್ತು ಎಂದು.  "ಇಷ್ಟ ಪಡೋಕೆ ನಮ್ಮನೇಲಿ ಏನಿತ್ತಮ್ಮ" ಎಂದರು.

ಹಾಗಾಗಿ ನನ್ನ ಹತ್ತಿರ ಉಳಿದದ್ದು ಒಂದೇ. ಆ ಬೆಣ್ಣೆಹಣ್ಣು. ಇಪ್ಪತ್ತು ವರ್ಷದಲ್ಲಿ ಬೇಡದ್ದನ್ನು ಅವಳು ಕೈಗೆತ್ತಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅಗ್ಗವಲ್ಲ ಎಂದು ದೂರದಿಂದಲೇ ಗೊತ್ತಿದ್ದರೂ ನಿಂತಳು, ಎತ್ತಿಕೊಂಡಳು, ಒಂದರ ಬೆಲೆ ಕೇಳಿದಳು. ಒಂದರ ಬೆಲೆ ಕೇಳುವವರು ತಾವೊಬ್ಬರೇ ತಿನ್ನಲು ಕೇಳುತ್ತಾರೆ. ಇಟ್ಟ ರೀತಿಯೂ ನೆನಪಿತ್ತು, ತೊಟ್ಟು ಮೇಲೆ ಬರುವಂತೆ. ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದೆ. ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಒಂದು ಬಗೆಯ ಹೆಮ್ಮೆಯೂ ಬಂತು. ಅವರು ಮೂಲಂಗಿಯವರು. ನಾನು ಬೆಣ್ಣೆಹಣ್ಣಿನವಳು.

ಅಮಾವಾಸ್ಯೆಯ ಹಿಂದಿನ ದಿನ ಸಾರಕ್ಕಿಗೆ ಹೋಗಿ ಒಂದು ಹಣ್ಣು ತಂದೆ. ಫಾಲ್ ಹಾಕಿದ ದುಡ್ಡಿನಲ್ಲಿ. ಸೀಸನ್ ಮುಗಿಯುತ್ತಾ ಬಂದಿತ್ತು, ಬೆಲೆ ಏರಿತ್ತು. ಚೌಕಾಸಿ ಮಾಡಲಿಲ್ಲ. ಅಕ್ಕನ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಹಣ್ಣಾದದ್ದನ್ನು ಆರಿಸಿ, ಕೊಟ್ಟು ತಂದೆ. ಬಸ್ಸಿನಲ್ಲಿ ಕೈಯಲ್ಲೇ ಹಿಡಿದುಕೊಂಡಿದ್ದೆ.

ಮಾರನೆಯ ದಿನ ನಾದಿನಿ ಬಂದಳು. ಎಡೆಗೆ ಇಡಲು ಸೀರೆ ತಂದಿದ್ದಳು, ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದು ಎಂದು ತಾನೇ ಹೇಳಿದಳು. ಅಕ್ಕನ ಮಗಳು ಅದನ್ನು ಬಿಚ್ಚಿ ಮಡಚಿ ಫೋಟೋ ಮುಂದೆ ಇಟ್ಟಳು. ಕೋಳಿ ಸಾರು, ಮುದ್ದೆ, ಅನ್ನ, ಕಜ್ಜಾಯ, ವಡೆ, ಪಾಯಸ, ಎಲ್ಲ ನಾನು ಬೆಳಿಗ್ಗೆಯಿಂದ ಮಾಡಿದ್ದೆ. ಮಾವನವರ ಎಲೆ, ಅತ್ತೆಯ ಎಲೆ, ಕೊನೆಯಲ್ಲಿ ಅಕ್ಕನ ಎಲೆ. ಬಡಿಸಿ ಮುಗಿಸುವ ಹೊತ್ತಿಗೆ ನಾದಿನಿ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದಳು. ಮುಚ್ಚಳ ತೆಗೆದಾಗಲೇ ವಾಸನೆ ಬಂತು. ಮನೆಯಿಂದಲೇ ಮಾಡಿಕೊಂಡು ಬಂದಿದ್ದಳು. ಎಲೆಯ ಮಧ್ಯಕ್ಕೆ, ಅನ್ನದ ಪಕ್ಕ, ಎರಡು ಸೌಟು ಬಡಿಸಿ, ಮೂಲಂಗಿಯ ಹೋಳುಗಳು ಮೇಲೆ ಕಾಣುವಂತೆ ಸರಿಮಾಡಿದಳು.

ನಾನು ಬಗ್ಗಿ ಆ ಸಾಂಬಾರನ್ನು ಸೌಟಿನಿಂದ ಬಳಿದು ವಾಪಸು ಡಬ್ಬಿಗೆ ಹಾಕಿದೆ.

"ಅಯ್ಯೋ ಅತ್ತಿಗೆ, ಎಡೆ ಮುಟ್ಟಬಾರ್ದು" ಎಂದಳು ನಾದಿನಿ.

"ಇನ್ನೂ ಬಾಗಿಲು ಹಾಕಿಲ್ಲ" ಎಂದೆ.

"ದೊಡ್ಡತ್ತಿಗೆಗೆ ಅಷ್ಟು ಇಷ್ಟ ಅಂತ ನಾನು..."

"ಅಗ್ಗ ಅಂತ ತರ್ತಿದ್ಲು. ಇಷ್ಟ ಅಂತ ಅಲ್ಲ."

 ನನ್ನ ಗಂಡ ಬಾಗಿಲ ಹತ್ತಿರ ನಿಂತು, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದರು. ಭಾವ ಕೈಯಲ್ಲಿದ್ದ ಕರ್ಪೂರದ ಪೊಟ್ಟಣವನ್ನು ಕೆಳಗಿಟ್ಟರು. ಕೂಗಾಡುತ್ತಾರೆ ಎಂದುಕೊಂಡೆ. ಅದಕ್ಕೆ ಉತ್ತರವೂ ನನ್ನಲ್ಲಿ ತಯಾರಿತ್ತು, ಒಂದು ವರ್ಷದಿಂದ ಕಾದಿದ್ದ ಉತ್ತರ. ಇಸ್ತ್ರಿ, ಫ್ಲೆಕ್ಸು, ಮಾತ್ರೆ, ಎಲ್ಲ ಸಾಲಾಗಿ. ಆದರೆ ಅವರು ಕೂಗಾಡಲಿಲ್ಲ. ಎಲೆಯನ್ನೇ ನೋಡುತ್ತಾ ನಿಧಾನವಾಗಿ ಕೇಳಿದರು.

"ಹಂಗಾದ್ರೆ ಅವ್ಳಿಗೆ ಏನಮ್ಮ ಇಷ್ಟ ಇದ್ದಿದ್ದು?"

ಆ ಪ್ರಶ್ನೆಯನ್ನು ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾವ ದಿನ ಬೇಕಾದರೂ ಅವಳನ್ನೇ ಕೇಳಬಹುದಿತ್ತು. ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು, ಅವಳು ಯಾವಾಗಲೂ ಅಲ್ಲೇ ಇರುತ್ತಿದ್ದಳು. ಈಗ ಕೇಳುತ್ತಿದ್ದಾರೆ, ನನ್ನನ್ನು. ನಾನು ಅಡುಗೆಮನೆಗೆ ಹೋಗಿ ಬೆಣ್ಣೆಹಣ್ಣು ತಂದೆ. ಅದನ್ನು ಎರಡು ಹೋಳು ಮಾಡಿ, ಬೀಜ ತೆಗೆದು ತಟ್ಟೆಯಲ್ಲಿಟ್ಟಿದ್ದೆ. ಮೂಲಂಗಿ ತೆಗೆದ ಜಾಗವನ್ನು ಒರೆಸಿ ಅಲ್ಲಿ ಇಟ್ಟೆ. ಎಲ್ಲರೂ ನೋಡಲಿ ಎಂದೇ ಇಟ್ಟೆ.

"ಅದೇನು, ಬಟರ್ ಫ್ರೂಟಾ?" ಎಂದರು ಭಾವ.

"ಹೋದ ವರ್ಷ ಮಾರ್ಕೆಟ್ಟಲ್ಲಿ ಇದನ್ನ ಕೈಯಲ್ಲಿ ಹಿಡ್ಕೊಂಡು ನಿಂತಿದ್ಲು. ಆಸ್ಪತ್ರೆಗೆ ಹೋಗೋ ಹಿಂದಿನ ದಿನ. ರೇಟ್ ಕೇಳಿ ವಾಪಸ್ ಇಟ್ಲು."

ಅಕ್ಕನ ಮಗಳು ಸೀರೆಯ ಹತ್ತಿರ ಕೂತಿದ್ದಳು. ಅವಳು ತಲೆ ಎತ್ತಲಿಲ್ಲ.

"ಚಿಕ್ಕಮ್ಮ, ಅದು ನಂಗೆ" ಎಂದಳು.

ನನಗೆ ಅರ್ಥವಾಗಲಿಲ್ಲ.

"ನಾನೇ ಕೇಳಿದ್ದೆ. ಮುಖಕ್ಕೆ ಹಚ್ಕೊಂಡ್ರೆ ಒಳ್ಳೇದು ಅಂತ ಫ್ರೆಂಡ್ಸ್ ಎಲ್ಲ ಹೇಳಿದ್ರು. ತಗೊಂಡ್ ಬಾಮ್ಮ ಒಂದೇ ಒಂದು ಅಂತ ಶನಿವಾರ ಬೆಳಿಗ್ಗೆ ಜಗಳ ಮಾಡಿದ್ದೆ. ಅಮ್ಮಂಗೆ ಅದು ಸೇರ್ತಾನೇ ಇರ್ಲಿಲ್ಲ. ಕಾಲೇಜ್ ಹತ್ರ ಒಂದ್ಸಲ ಜ್ಯೂಸ್ ಕೊಡ್ಸಿದ್ದೆ. ಸೋಪ್ ಕುಡ್ದಂಗಿದೆ ಅಂತ ಅರ್ಧ ನಂಗೇ ಕೊಟ್ಬಿಟ್ಲು."

ಅವಳು ಅಳಲಿಲ್ಲ. ಸೀರೆಯ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ಮಡಿಕೆ ಮಾಡುತ್ತಿದ್ದಳು. ನಿನ್ನ ಅಮ್ಮನಿಗೆ ಮತ್ತೆ ಏನು ಇಷ್ಟ ಎಂದು ನಾನು ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಯೋಚಿಸಿದಳು, ಮತ್ತೆ ತಲೆ ಅಲ್ಲಾಡಿಸಿದಳು. ಅವಳೂ ಈ ಒಂದು ವರ್ಷ ಅದನ್ನೇ ಯೋಚಿಸುತ್ತಿದ್ದಳು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ ಅಷ್ಟೇ.

ನಾದಿನಿ ಡಬ್ಬಿಯ ಮುಚ್ಚಳ ಹಾಕಿದಳು. ಹೋಗಲಿ ಎರಡೂ ಇಡೋಣ, ಯಾವುದಾದರೂ ಒಂದು ಇಷ್ಟವಾಗಿರುತ್ತದೆ ಎಂದಳು. ಅವಳ ಆ್ಯಪಿನಲ್ಲಿ ಅದಕ್ಕೂ ಒಂದು ಬಣ್ಣ ಇರಬಹುದು. ನಾನು ಬೆಣ್ಣೆಹಣ್ಣಿನ ತಟ್ಟೆಯನ್ನು ಎತ್ತಿಕೊಂಡೆ. ಸೋಪಿನ ರುಚಿಯದ್ದನ್ನು ಅಕ್ಕನ ಎಲೆಯ ಮೇಲೆ ಬಿಡಲು ಮನಸ್ಸಾಗಲಿಲ್ಲ. ಒಂದು ಹೋಳನ್ನು ಅವಳ ಮಗಳ ಕೈಗೆ ಕೊಟ್ಟೆ. ಇನ್ನೊಂದು ಅಡುಗೆಮನೆಯಲ್ಲೇ ಕಪ್ಪಾಯಿತು.

ಭಾವ ಕರ್ಪೂರ ಹಚ್ಚಿದರು. ಎಲ್ಲರೂ ಕೈಮುಗಿದು ಹೊರಗೆ ಬಂದೆವು. ಕೊನೆಯವಳಾಗಿ ನಾನು ಬಾಗಿಲು ಎಳೆದುಕೊಳ್ಳುವಾಗ ಒಮ್ಮೆ ತಿರುಗಿ ನೋಡಿದೆ. ಫೋಟೋ ಫ್ಲೆಕ್ಸಿನದ್ದೇ, ಸಣ್ಣದು ಮಾಡಿಸಿ ಕಟ್ಟು ಹಾಕಿಸಿದ್ದು, ಭುಜದ ಮೇಲಿನ ಬೆರಳು ಈಗಲೂ ಇವೆ. ಎಲೆಯ ಮೇಲೆ ಮುದ್ದೆಯಿತ್ತು, ಸಾರು, ಕಜ್ಜಾಯ, ವಡೆ, ಪಾಯಸ ಇದ್ದವು. ಅನ್ನದ ಪಕ್ಕದಲ್ಲಿ, ಒರೆಸಿದ ಜಾಗ ಒದ್ದೆಯಾಗಿ ಹಸಿರಾಗಿ ಖಾಲಿ ಇತ್ತು. ಅಲ್ಲಿ ಏನು ಇಡಬೇಕು ಎಂಬುದು ನನಗೆ ಇನ್ನೂ ಗೊತ್ತಿಲ್ಲ.